ಬೆನ್ನಿಗೆ ಬಂದ ಗಾಳಿ

"ಪಡುವಣ ಕಡಿಂದ ಇಳಸಂದ್ರ ಇಳಸವ್ವಾ! ಮಂದಿ ಎಲ್ಲಾ ಮೂಡಣ ತುದೀಗೆ ಕುಂತಾರ," ಎಂದು ವಾಕಿಟಾಕಿಯಲ್ಲಿ ಗಿರಿಮಲ್ಲಪ್ಪ ಗದರಿದ.

"ಗಾಳಿ ಬೆನ್ನಿಗೆ ಬರತೈತ್ರಿ ಸಾವ್ಕಾರ್ರ. ಎದುರುಗಾಳಿಗೆ ಇಳಿಸಿ, ಹೊಳ್ಳಿಸಿಕೊಂಡು ಪೆಂಡಾಲಿಗೆ ಬರ್ತೀನಿ."

"ಅಲ್ಲೀತನಾ ಅವರು ಧೂಳ ನೋಡ್ಕೋತ ಕುಂದ್ರಬೇಕೇನ? ಹೇಳಿದಷ್ಟು ಮಾಡ. ಇಲ್ಲಂದ್ರ ನಾಳಿಂದ ಬ್ಯಾರೆ ಪೈಲಟ್ ಬರ್ತಾನ."

ಮೇಲೆ ವಿಮಾನ ಸುತ್ತಿಸುತ್ತಿದ್ದ ಸಂಧ್ಯಾ ಹಲ್ಲು ಕಚ್ಚಿದಳು. ರಬಕವಿಯ ಮಗ್ಗದ ಸದ್ದಿನಲ್ಲಿ ಬೆಳೆದವಳು ದೂರದೂರಿಗೆ ಹೋಗಿ ವಿಮಾನ ಕಲಿತು ಬಂದರೂ, ಹೆಣ್ಣುಮಗಳೆಂದು ಯಾರೂ ಕೆಲಸ ಕೊಟ್ಟಿರಲಿಲ್ಲ. ಆ ವರ್ಷ ಮುಧೋಳದಿಂದ ಜಮಖಂಡಿಯವರೆಗೂ ಕಬ್ಬಿಗೆ ಬಿಳಿ ಉಣ್ಣೆಹೇನು ಹತ್ತಿತ್ತು. ಗಿರಿಮಲ್ಲಪ್ಪ ಹಳೆಯದೊಂದು ಔಷಧ ಸಿಂಪಡಿಸುವ ವಿಮಾನ ತಂದು, ಲೋಕಾಪುರದ ಆಚೆಯ ಬರಡು ನೆಲವನ್ನು ಸಮ ಮಾಡಿಸಿ ರನ್‌ವೇ ಎಂದು ಕರೆದು, ಅವಳನ್ನು ಪೈಲಟ್ ಮಾಡಿಕೊಂಡಿದ್ದ. ಇವತ್ತು ದೊಡ್ಡ ದೊಡ್ಡ ಕಬ್ಬಿನ ಬೆಳೆಗಾರರನ್ನು ಕೂರಿಸಿ ಅದನ್ನು ತೋರಿಸುವ ಉಮೇದು ಅವನಿಗೆ.

ಅವಳು ಪಡುವಣದಿಂದಲೇ ಇಳಿದಳು.

ಮುಂದಿನ ಎರಡು ಗಾಲಿ ಮೆತ್ತಗೆ ನೆಲ ಮುಟ್ಟಿದವು. ಬಾಲದಡಿಯ ಪುಟ್ಟ ಗಾಲಿಯೂ ಕೂತಿತು. ವೇಗ ತಗ್ಗುತ್ತಿದ್ದಂತೆ ಓರೆಯಾಗಿ ಬೆನ್ನಿಗೆ ಬಿದ್ದ ಗಾಳಿ ಬಾಲವನ್ನು ಎಡಕ್ಕೆ ತಳ್ಳಿತು. ಅವಳು ಚುಕ್ಕಾಣಿಯ ಪೆಡಲಿಗೆ ಕಾಲೊತ್ತಿದಳು, ಬೆನ್ನುಗಾಳಿಯಲ್ಲಿ ಅದಕ್ಕೆ ಹಿಡಿತವೇ ಇರಲಿಲ್ಲ. ಹಿಂದಿದ್ದ ಬಾಲ ಮುಂದೆ ಬರಲು ಹವಣಿಸಿ, ಮೂತಿ ಗಿರ್ರನೆ ಬಲಕ್ಕೆ ಹೊರಳಿತು. ರನ್‌ವೇ ಬಿಟ್ಟ ವಿಮಾನ ಕುರುಚಲು ಹುಲ್ಲಿನೊಳಗೆ ನುಗ್ಗಿತು. ಎಡಗಾಲಿ ಮುರಿದು ರೆಕ್ಕೆ ನೆಲ ಕೆರೆಯಿತು. ಅಲ್ಲಿ ಮೇಯುತ್ತಿದ್ದ ಕುರಿಗಳು ಚೆಲ್ಲಾಪಿಲ್ಲಿಯಾದವು.

ಅವಳು ಇಳಿದಾಗ ಒಂದು ಕುರಿ ರೆಕ್ಕೆಯ ತುದಿಗೆ ಸಿಕ್ಕು ಸತ್ತು ಬಿದ್ದಿತ್ತು. ಕುರಿಗಾರ ಲಗಮಣ್ಣ ಅದರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಹೆಂಡತಿ ಸಿದ್ದಕ್ಕ, "ಎಪ್ಪಾ ಬೀರಪ್ಪಾ!" ಎಂದು ಕುಲದೇವರನ್ನು ಕರೆದು ಎದೆ ಬಡಿದುಕೊಳ್ಳುತ್ತಿದ್ದಳು.

ಜೀಪಿನಲ್ಲಿ ಬಂದ ಗಿರಿಮಲ್ಲಪ್ಪ ಮೊದಲು ರೆಕ್ಕೆ ನೋಡಿದ, ಆಮೇಲೆ ಪೆಂಡಾಲಿನ ಕಡೆ. ಸಂಧ್ಯಾಳಿಗೆ ಪೆಟ್ಟಾಗಿದೆಯೇ ಎಂದು ಕೇಳಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ಕುರಿ ಅಡ್ಡ ಬಂದ್ವು, ತಪ್ಪಸಾಕ ಹೊಳ್ಳಿಸಿದ್ನಿ ಅನ್ನು. ನಿನ್ನ ಹೆಸರೂ ಉಳಿತೈತಿ, ನನ್ನ ಮಾನಾನೂ ಉಳಿತೈತಿ," ಎಂದ. ಅವಳ ಉತ್ತರಕ್ಕೂ ಕಾಯದೆ, ಬಂದೋಬಸ್ತಿಗೆ ಬಂದಿದ್ದ ಪೊಲೀಸನಿಗೆ ಕೈ ಮಾಡಿದ. "ಆ ಕುರುಬನ್ನ ಎಳಕೊಂಡು ನಡೀರಿ. ಲಕ್ಷಾಂತರದ ಮಾಲು ಹಾಳ ಮಾಡ್ಯಾನ."

ಪೊಲೀಸ್ ಲಗಮಣ್ಣನ ಹೆಗಲ ಮೇಲಿನ ಕಂಬಳಿಗೆ ಕೈ ಹಾಕಿದ.

"ನಾವು ಇಲ್ಲೇ ನಿಂತಿದ್ವಿರೀ ಸಾಹೇಬ್ರ. ಆ ಕಡಿ ಹೆಜ್ಜಿನೂ ಇಟ್ಟಿಲ್ರಿ," ಎಂದು ಲಗಮಣ್ಣ ಕೈ ಮುಗಿದ. ಆ ಕೈಗಳಿಗೆ ರಕ್ತ ಮೆತ್ತಿತ್ತು.

ಅವನು ಕೈ ಮುಗಿದದ್ದನ್ನು ನೋಡಿ ಸಂಧ್ಯಾಳ ಮೈಯೆಲ್ಲ ಉರಿದುಹೋಯಿತು. ಕೊಂದವಳು ತಾನು, ಕೈ ಮುಗಿಯುವವನು ಅವನು!

"ಕೈ ತಗೀರಿ ಅವನ ಮ್ಯಾಲಿಂದ!" ಪೆಂಡಾಲಿನಿಂದ ಓಡಿಬಂದು ಸುತ್ತುಗಟ್ಟಿದ್ದ ಬೆಳೆಗಾರರೆಲ್ಲ ಅವಳತ್ತ ತಿರುಗಿದರು. "ಕುರಿ ವಿಮಾನಕ್ಕ ಅಡ್ಡ ಬಂದಿಲ್ಲ, ವಿಮಾನ ಕುರೀ ಮ್ಯಾಲ ಹೋಗೈತಿ. ಗಾಳಿ ಬೆನ್ನಿಗೈತಿ, ಬ್ಯಾಡ್ರಿ ಅಂದ್ನಿ. ನಿಮ್ಮ ಮುಂದ ತಂದು ನಿಲ್ಲಸಬೇಕಂತ ಇವರು ಹಟ ಹಿಡಿದ್ರು. ನೌಕರಿ ಹೋದೀತಂತ ನಾನೂ ಇಳಿಸಿದ್ನಿ. ತಪ್ಪು ನಮ್ಮಿಬ್ಬರದು. ಇವಂದಲ್ಲ!"

"ನಾಲಿಗಿ ಬಿಗಿ ಹಿಡಿ! ಇನ್ನೆಲ್ಲೂ ವಿಮಾನ ಮುಟ್ಟದಂಗ ಮಾಡ್ತೀನಿ," ಎಂದ ಗಿರಿಮಲ್ಲಪ್ಪ.

"ಮಾಡ್ರಿ. ಆದ್ರ ಈ ಮಾತು ಮಾತ್ರ ನನ್ನ ಬಾಯಾಗ ತುರುಕಬ್ಯಾಡ್ರಿ."

ಹಿರಿಯ ಬೆಳೆಗಾರನೊಬ್ಬ, "ಗಿರಿಮಲ್ಲಪ್ಪಾ, ನಮಗೂ ಕಣ್ಣ ಅದಾವೋ," ಎಂದು ತಲೆಯ ಟೋಪಿ ಸರಿಮಾಡಿಕೊಂಡು ನಡೆದುಬಿಟ್ಟ. ಪೊಲೀಸ್ ಕಂಬಳಿ ಬಿಟ್ಟ. ಜೀಪು ಹೋಯಿತು. ಅವಳನ್ನು ಹತ್ತಿಸಿಕೊಳ್ಳಲಿಲ್ಲ.

ಅವಳು ಕುರಿಗಾರರ ಹತ್ತಿರ ಹೋಗಿ ನಿಂತಳು. ಲಗಮಣ್ಣ ಅವಳತ್ತ ನೋಡಲಿಲ್ಲ; ಸತ್ತ ಕುರಿಯ ಮೇಲೆ ಕಂಬಳಿ ಹೊದಿಸುತ್ತಿದ್ದ. ಸಿದ್ದಕ್ಕ ಕಣ್ಣೊರೆಸಿಕೊಂಡು, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ, "ನಿಂತೇನ್ ಮಾಡ್ತಿ, ಕುಂದ್ರ," ಎಂದು ನೀರಿನ ತಂಬಿಗೆ ಮುಂದೆ ಕುಕ್ಕಿದಳು.

ಮೋಡ ಸರಿದು ಬಿಸಿಲು ಸುರಿಯಿತು. ಚದುರಿದ್ದ ಕುರಿಗಳು ಒಂದೊಂದೇ ಮರಳಿ ಬಂದವು. ಸುತ್ತ ಎಲ್ಲೂ ಮರವಿರಲಿಲ್ಲ. ಮೇಲಕ್ಕೆದ್ದು ನಿಂತಿದ್ದ ವಿಮಾನದ ಬಲ ರೆಕ್ಕೆಯ ನೆರಳಿಗೆ ಸೇರಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತವು.