ನೀರಿಗೆ ಬಿಟ್ಟದ್ದು

ಬುಟ್ಟಿಯಿಂದ ಉರುಳಿದ ಕಲ್ಲುಗಳನ್ನು ಕಾಶೆಪ್ಪ ಗೋಣಿತಟ್ಟಿನ ಮೇಲೆ ಹರಡಿದ. ಒಂದನ್ನು ಎತ್ತಿ ಕೆಸರು ಒರೆಸಿ ನೋಡಿದ, ಇನ್ನೊಂದನ್ನೂ ನೋಡಿದ. ಅವನಿಗೆ ಯಾಕೋ ಸರಿಬರಲಿಲ್ಲ. ಬೋರಿನ ಗೋಡೆಯಿಂದ ಕಳಚಿ ಬಿದ್ದ ಕಲ್ಲಿಗೆ ಚೂಪು ಅಂಚಿರುತ್ತದೆ, ಒಡೆದ ಮೈಯ ಹೊಸ ಬಣ್ಣವಿರುತ್ತದೆ. ಇವು ಬಿಸಿಲು ಮಳೆ ಉಂಡು ನುಣುಪಾದ ಹೊಲದ ಕಲ್ಲುಗಳು. ಎಲ್ಲವೂ ಮುಷ್ಟಿ ಗಾತ್ರದವೇ. ಬೋರಿನ ಬಾಯಿಗೆ ಹಿಡಿಸುವಂಥವನ್ನೇ ಯಾರೋ ಆರಿಸಿ ಆರಿಸಿ ಒಳಗೆ ಹಾಕಿದ್ದರು.

ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ಇಂಜಿನ್ನಿನ ರಾಟೆ ನಡೆಸುತ್ತಿದ್ದ ಹೆಂಡತಿ ದ್ರೌಪದಿ ಏನಾಯಿತೆಂದು ಹುಬ್ಬಿನಲ್ಲೇ ಕೇಳಿದಳು. ಕಾಶೆಪ್ಪ ಒಂದು ಕಲ್ಲನ್ನು ಎತ್ತಿ ಅವಳಿಗೆ ತೋರಿಸಿದ. ಬದುವಿನ ಮೇಲೆ ಹೊಲದ ಮನೆಯವನೇ ಆದ ಮಹಾದೇವಪ್ಪ ಬೆಳಿಗ್ಗೆಯಿಂದ ಕೂತೇ ಇದ್ದ. ಸೋಯಾಬೀನ್ ಕೊಯ್ಲು ಮುಗಿದು ಹೊಲ ಬರಿದಾಗಿತ್ತು, ಕಡಲೆ ಬಿತ್ತಲು ಹದ ಮೀರುತ್ತಿತ್ತು. ಆದರೂ ಆ ಮನುಷ್ಯ ಒಂದು ಕಡ್ಡಿ ಎತ್ತಿಟ್ಟಿರಲಿಲ್ಲ. ಬುಟ್ಟಿ ಇಳಿಯುವಾಗ ಹಗ್ಗವನ್ನೇ ನೋಡುತ್ತಿದ್ದ, ಮೇಲೆ ಬಂದಾಗ ತಟ್ಟಿನ ಕಡೆ ಕಣ್ಣು ಹಾಯಿಸುತ್ತಿದ್ದ. ಅಷ್ಟೇ ಅವನ ಕೆಲಸ.

ಗಡಿನಾಡಿನ ಸಾಸ್ತೂರದ ಹತ್ತಿರದ ಈ ಹೊಲಕ್ಕೆ ಅವರನ್ನು ಕರೆಸಿದವಳು ಮಹಾದೇವಪ್ಪನ ಅತ್ತಿಗೆ ಲಲಿತಾಬಾಯಿ. ಅವಳ ಗಂಡ ವಿಶ್ವನಾಥಪ್ಪ ಮೂರ್ನಾಲ್ಕು ವರ್ಷದ ಹಿಂದೆ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋದವನು ಮರಳಿ ಬಂದಿರಲಿಲ್ಲ. ಹೋಗಿದ್ದನ್ನು ಕಂಡವನು ತಮ್ಮನೊಬ್ಬನೇ. ನಸುಕಿನಲ್ಲಿ ಹೊಲದಿಂದಲೇ ಪಾದಯಾತ್ರೆಯವರ ಜೊತೆ ಹೊರಟುಬಿಟ್ಟ ಎಂದು ಅವನು ಮನೆಗೆ ಬಂದು ಹೇಳಿದ್ದ. ಅಣ್ಣತಮ್ಮಂದಿರ ನಡುವೆ ಆಗ ಹೊಲದ ಹಿಸ್ಸೆಯ ಮಾತು ನಡೆದಿತ್ತು, ಬಾಯಿಗೆ ಬಾಯಿ ಹತ್ತಿತ್ತು. ಬೇಜಾರಾಗಿ ಹೋಗಿದ್ದಾನೆ, ಸಿಟ್ಟು ಇಳಿದರೆ ಬರುತ್ತಾನೆ ಎಂದು ಊರು ನಂಬಿತು. ಲಲಿತಾಬಾಯಿಯೂ ನಂಬಿದಳು. ನಿಲಂಗಾದ ಬಸ್ ಸ್ಟ್ಯಾಂಡಿನಲ್ಲಿ ಗಂಡನ ಫೋಟೋ ಅಂಟಿಸಿ ಬಂದಳು, ಅದು ಮಳೆಗೆ ಹರಿದಾಗ ಮತ್ತೊಂದು ಅಂಟಿಸಿದಳು. ಪಾಪ, ಏನು ತಾನೇ ಮಾಡಿಯಾಳು? ಈಗ ಅವಳಿಗೆ, ಇಷ್ಟು ದಿನ ಮೈದುನನ ಕೈಯಲ್ಲಿದ್ದ ಗಂಡನ ಪಾಲಿನ ಹೊಲವನ್ನು ತಾನೇ ಬಿತ್ತಬೇಕೆಂಬ ಹಟ ಹುಟ್ಟಿತ್ತು. ಆ ಬೋರು ಕೊರೆಸಿದವನು ಅವಳ ಗಂಡ. ಅವನು ಯಾತ್ರೆಗೆ ಹೋದನೆಂಬ ವರ್ಷವೇ ಅದು ಮುಚ್ಚಿಹೋಗಿತ್ತು.

"ಅವರು ಬಂದು ನೋಡಿದಾಗ ಹಿಂಗಾರಿಗೆ ಹೊಲ ಬೀಳು ಬಿದ್ದಿರಬಾರದಲ್ಲ ತಂಗಿ," ಎಂದು ಅವಳು ಬೆಳಿಗ್ಗೆ ದ್ರೌಪದಿಗೆ ಹೇಳಿದ್ದಳು. "ಬೋರ್ ಯಾಕ ಹಾಳ ಮಾಡಿದಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಕಾಶೆಪ್ಪನ ವಿಷಯ ಹೇಳಬೇಕೆಂದರೆ, ಅವನು ಗುಂಜೋಟಿಯವನು, ಗುಜರಾತಿನ ಎಣ್ಣೆ ಬಾವಿಗಳಲ್ಲಿ ಮೈ ಸವೆಸಿ ಬಂದವನು. ಎಣ್ಣೆಯೋ ಗ್ಯಾಸೋ ಮೇಲೆ ಬರುವ ಮುನ್ನ ಅಲ್ಲಿ ಬಾವಿಯ ಹೊಟ್ಟೆ ಸ್ವಚ್ಛ ಮಾಡಲೇಬೇಕು. ಕಬ್ಬಿಣದ ಚೂರು, ಸಿಮೆಂಟಿನ ಹಕ್ಕಳೆ, ಮುರಿದ ಬೋಲ್ಟು, ಏನೊಂದು ಒಳಗೆ ಉಳಿದರೂ ಮುಂದೆ ಇಳಿಯುವ ಯಂತ್ರ ಕೆಡುತ್ತದೆ. ಅದಕ್ಕೆ ಅಲ್ಲಿ ಉಕ್ಕಿನ ಬ್ರಷ್ಷುಗಳಿದ್ದವು, ಗೋಡೆ ಕೆರೆಯುವ ಅಲಗುಗಳಿದ್ದವು, ಆಳುದ್ದದ ಚುಂಬಕಗಳಿದ್ದವು. ಕಸ ಒಳಗೆ ಹೊಕ್ಕರೆ ಹೊರಬೀಳದಂತೆ ಬಾಯಲ್ಲಿ ಉಕ್ಕಿನ ಬೆರಳುಗಳಿದ್ದ ಬುಟ್ಟಿಗಳಿದ್ದವು. ಊರಿಗೆ ಬಂದವನೇ ಅವುಗಳದೇ ಚಿಕ್ಕ ಮರಿಗಳನ್ನು ಉಮರ್ಗಾದ ಲೇಥ್ ಅಂಗಡಿಯಲ್ಲಿ ಮಾಡಿಸಿಕೊಂಡ. ಜನ ಮೊದಲು ಎಣ್ಣಿ ಕಾಶೆಪ್ಪ ಎಂದು ಆಡಿಕೊಂಡರು. ಮೋಟಾರು ಬೋರಿನೊಳಗೆ ಬಿದ್ದ ದಿನ ಅವನ ಮನೆ ಬಾಗಿಲಿಗೇ ಬಂದರು. ಎಣ್ಣೆ ಬಾವಿಯಿಂದ ಅವನು ಒಂದು ರೂಢಿಯನ್ನೂ ತಂದಿದ್ದ. ಮೇಲೆ ಬಂದದ್ದನ್ನೆಲ್ಲ ತಟ್ಟಿನ ಮೇಲೆ ಹರಡಿ ಬಾವಿಯ ಒಡೆಯರಿಗೆ ತೋರಿಸಬೇಕು, ಒಂದು ಹರಳನ್ನೂ ಮತ್ತೆ ಒಳಗೆ ಬಿಡಬಾರದು.

ಬೆಳಿಗ್ಗೆ ಚುಂಬಕ ಇಳಿಸಿದಾಗ ಒಂದಿಷ್ಟು ಬೋಲ್ಟು, ತುಕ್ಕು ಹಿಡಿದ ಸೈಕಲ್ ಚೈನು ಬಂದಿದ್ದವು. ಆಮೇಲೆ ಬುಟ್ಟಿ ಇಳಿಸಿದ್ದರು. ಬುಟ್ಟಿಯನ್ನು ಎತ್ತಿ ಕುಟ್ಟಿ, ಎತ್ತಿ ಕುಟ್ಟಿ, ಕಲ್ಲುಗಳು ಒಳಸೇರಿದ ಮೇಲೆ ಎಳೆಯಬೇಕು. ಹೊತ್ತು ನೆತ್ತಿಗೇರುವ ಹೊತ್ತಿಗೆ ತಟ್ಟಿನ ಮೇಲೆ ಒಂದು ಸಣ್ಣ ಗುಡ್ಡೆಯಾಗಿತ್ತು. ಲಲಿತಾಬಾಯಿ ಹಿಗ್ಗಿಹೋಗಿ, ಎಲ್ಲರಿಗೂ ರೊಟ್ಟಿ ತರುತ್ತೇನೆಂದು ಮನೆಗೆ ಹೋದಳು. ಅವಳು ಹುಣಸೆ ಮರ ದಾಟಿ ಮರೆಯಾಗುವುದನ್ನೇ ಕಾದಿದ್ದವನಂತೆ ಮಹಾದೇವಪ್ಪ ಎದ್ದು ಬಂದ.

ಸಾಕು ಮಾಡು ಎಂದ. ಭೂಕಂಪ ಕಂಡ ಈ ಭಾಗದಲ್ಲಿ ನೆಲ ಇನ್ನೂ ಆಗಾಗ ಅಲುಗುತ್ತದೆ, ಕೆಳಗೆಲ್ಲ ಕುಸಿದಿದೆ, ನೀರಿಲ್ಲವೆಂದು ಅತ್ತಿಗೆಗೆ ಹೇಳಿಬಿಡು ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ತುಟಿ ಒಣಗಿತ್ತು.

"ಉಗಾಚ್ ಸುಮ್ಮನ ಯಾಕ ತ್ರಾಸ್ ತಗೋತಿ, ಕಾಶೆಪ್ಪ? ನಿನ್ನ ಬುಟ್ಟಿ ಸಿಕ್ಕೊಂಡು ಹಗ್ಗ ಹರದ್ರ ನಾ ಜವಾಬ್ದಾರ ಅಲ್ಲ ನೋಡು."

"ಕುಸದದ್ದಲ್ಲರೀ ಇದು," ಎಂದ ಕಾಶೆಪ್ಪ. "ಯಾರೋ ಹಾಕ್ಯಾರ."

ಮಹಾದೇವಪ್ಪ ಗಾಡಿಗೆ ಒರಗಿಸಿಟ್ಟಿದ್ದ ಹಾರೆಯನ್ನು ಕೈಗೆ ತೆಗೆದುಕೊಂಡು ಅಲ್ಲೇ ನಿಂತ. ಕಾಶೆಪ್ಪ ಹೊಲದ ನಾಲ್ಕೂ ಕಡೆ ನೋಡಿದ. ಸುತ್ತ ಹರದಾರಿ ದೂರ ಒಂದು ನರಪಿಳ್ಳೆ ಇಲ್ಲ. ಸಾಮಾನು ಕಟ್ಟಿಕೊಂಡು ಹೋಗಿಬಿಡಲೇ ಎಂದು ಒಂದು ಗಳಿಗೆ ಅನಿಸಿತು, ಸುಳ್ಳೇಕೆ ಹೇಳಬೇಕು. ಆದರೆ ದ್ರೌಪದಿ ರಾಟೆ ತಿರುಗಿಸಿದ್ದಳು, ಹಗ್ಗ ಬಿಗಿದಿತ್ತು, ಬುಟ್ಟಿ ಮೇಲೆ ಬರುತ್ತಿತ್ತು.

ಈ ಸಲ ಕಲ್ಲು ಕಡಿಮೆ, ಕರೀ ಕೆಸರೇ ಹೆಚ್ಚು. ತಟ್ಟಿನ ಮೇಲೆ ಸುರಿದಾಗ ಅದರ ನಡುವೆ ನಿಂಬೆಕಾಯಿಯಷ್ಟು ದೊಡ್ಡದೊಂದು ಗುಂಡನೆಯ ವಸ್ತು ಉರುಳಿತು. ಕಾಶೆಪ್ಪ ಹೆಬ್ಬೆರಳಿನಿಂದ ತಿಕ್ಕಿದ. ಕರಿಯ ಕೆಳಗೆ ಬೆಳ್ಳಿ ಕಂಡಿತು. ಬಳೆಯಂಥ ಕಿವಿಯಲ್ಲಿ ಹರಿದ ದಾರದ ಗಂಟು ಇನ್ನೂ ಸಿಕ್ಕಿಕೊಂಡಿತ್ತು. ಅವನ ಕೈ ತಾನಾಗಿಯೇ ಅಂಗಿಯ ಮೇಲಿಂದ ತನ್ನ ಎದೆಗೆ ಹೋಯಿತು. ಅಲ್ಲಿ ಅವನದೂ ಇತ್ತು, ಇಂಥದೇ ಕರಡಿಗೆ, ಒಳಗೆ ಲಿಂಗ. ಹುಟ್ಟಿದಾಗ ಅಯ್ಯನವರು ಕಟ್ಟಿದ್ದನ್ನು ಯಾರೂ ಕೊರಳಿಂದ ಇಳಿಸುವುದಿಲ್ಲ. ಸತ್ತವರನ್ನೂ ಅದನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಶ್ರೀಶೈಲಕ್ಕೆ ನಡೆದು ಹೊರಟವನು ಲಿಂಗವನ್ನು ಇಲ್ಲಿ ಬಿಟ್ಟು ಹೋಗುವುದುಂಟೇ?

"ವಾಪಸ್ ಬಿಡು," ಎಂದ ಮಹಾದೇವಪ್ಪ.

ಕಾಶೆಪ್ಪ ತಲೆ ಎತ್ತಿದ. ದ್ರೌಪದಿ ಇಂಜಿನ್ ಆರಿಸಿ, ಬೋಲ್ಟು ಬಿಗಿಯುವ ದೊಡ್ಡ ಪಾನಾ ಹಿಡಿದು ಗಾಡಿಯಿಂದ ಇಳಿದಿದ್ದಳು. ಮಹಾದೇವಪ್ಪ ಅವಳ ಕಡೆ ನೋಡಲೇ ಇಲ್ಲ. ಅವನ ಕಣ್ಣು ಆ ಕರಡಿಗೆಯ ಮೇಲೇ ನೆಟ್ಟಿತ್ತು.

"ಎಲ್ಲಾ ಆದ ಮ್ಯಾಲ ಕೈಗಿ ಸಿಕ್ತು. ಹುಲ್ಲಾಗ ಬಿದ್ದಿತ್ತು," ಎಂದ ನಿಧಾನಕ್ಕೆ. "ಲಿಂಗ ಅಲ್ಲೇನು? ಕಸದಾಗ ಒಗೀಲಿಕ್ಕ ಬರ್ತದೇನು? ಮನ್ಯಾಗ ಇಟ್ಕೊಳ್ಳಾಕ ಬರ್ತದೇನು? ನೀರಿಗಿ ಬಿಟ್ಟೆ. ನೀರಿಗಿ ಬಿಟ್ಟಿದ್ದು ನೀರಾಗೇ ಇರ್ಲಿ."

ಎಂಥ ಮನುಷ್ಯ ಇವನು, ಎನಿಸಿತು ಕಾಶೆಪ್ಪನಿಗೆ. ಅಣ್ಣನನ್ನು ಮುಗಿಸಲು ಹೆದರದವನು ಒಂದು ಕರಡಿಗೆಗೆ ಹೆದರಿದ್ದ. ಒಡೆಯನಿಲ್ಲದ ಲಿಂಗವನ್ನು ನೀರಿಗೆ ಬಿಡುವ ಪದ್ಧತಿ ಅವನಿಗೆ ನೆನಪಿತ್ತು, ತಪ್ಪದೆ ಪಾಲಿಸಿದ್ದ. ಆಮೇಲೆ ಅದು ಯಾರ ಕಣ್ಣಿಗೂ ಬೀಳದಂತೆ ಹೊಲದ ಕಲ್ಲು ಆರಿಸಿ ತಂದು ಗಂಗೆಯ ಬಾಯನ್ನೇ ಮುಚ್ಚಿದ್ದ. ಕಾಶೆಪ್ಪ ಬೋರಿನ ಬಾಯಿಯ ಕಡೆ ನೋಡಿದ. ಒಳಗೆ ಬಿಟ್ಟರೆ ಎಲ್ಲ ತಣ್ಣಗಾಗುತ್ತದೆ, ಗಂಡಹೆಂಡಿರು ಕ್ಷೇಮವಾಗಿ ಮನೆ ಸೇರಬಹುದು. ಆ ಹೆಣ್ಣುಮಗಳು ಮಾತ್ರ ಬಸ್ ಸ್ಟ್ಯಾಂಡಿನ ಗೋಡೆಗೆ ಫೋಟೋ ಅಂಟಿಸುತ್ತಲೇ ಮುದುಕಿಯಾಗುತ್ತಾಳೆ. ಬಿಡಲು ಮನಸ್ಸು ಬರಲಿಲ್ಲ. ಕರಡಿಗೆಯನ್ನು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ಅವನು ಬೋರಿನ ಬಾಯಿಗೆ ಅಡ್ಡ ನಿಂತ.

ಎಷ್ಟು ಹೊತ್ತು ಹಾಗೆ ನಿಂತರೋ, ಲಲಿತಾಬಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಹುಣಸೆ ಮರದ ಈಚೆ ಬಂದಾಗಲೂ ಮೂವರೂ ಅಲುಗಿರಲಿಲ್ಲ. ಅವಳು ಹಾರೆ ನೋಡಿದಳು, ಪಾನಾ ನೋಡಿದಳು. ಏನಾಯಿತೆಂದು ಕೇಳಿದಳು. ಕಾಶೆಪ್ಪ ಕ್ಯಾನಿನ ಕುಡಿಯುವ ನೀರಿನಿಂದ ಕರಡಿಗೆಯನ್ನು ತೊಳೆದು, ಎರಡೂ ಕೈಯಿಂದ ಅವಳ ಎಡ ಅಂಗೈಯಲ್ಲಿಟ್ಟ.

ಅವಳು ಅದನ್ನು ತಿರುಗಿಸಿ ನೋಡಿದಳು. ಮುಚ್ಚಳದ ಮೇಲಿನ ಬಿಲ್ವದ ಎಲೆಯನ್ನು ಬೆರಳಿನಿಂದ ಮುಟ್ಟಿದಳು.

"ಉದಗೀರದಾಗ ನಮ್ಮಪ್ಪ ಮಾಡಿಸಿದ್ದು," ಎಂದಳು. "ಲಗ್ನಕ್ಕ."

ಅವಳು ಅತ್ತುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ದ್ರೌಪದಿಗೆ ಅನಿಸಿತು, ಕೂಗಾಡಿದ್ದರೂ ಚೆನ್ನಾಗಿತ್ತು. ಲಲಿತಾಬಾಯಿ ಬೋರನ್ನು ನೋಡಿದಳು, ಕಲ್ಲಿನ ಗುಡ್ಡೆಯನ್ನು ನೋಡಿದಳು, ಕೊನೆಗೆ ಮೈದುನನನ್ನು ನೋಡಿದಳು. ಅವಳು ಸೊಸೆಯಾಗಿ ಬಂದಾಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಂದಿನಿಂದ ಇಂದಿನವರೆಗೆ ಅವನು ಉಂಡದ್ದು ಅವಳ ಕೈಯ ಅನ್ನ. ಬಲಗೈ ಒಂದರಿಂದಲೇ ಬುಟ್ಟಿ ಇಳಿಸಿ, ಬಟ್ಟೆ ಸರಿಸಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವನ ಮುಂದೆ ಹಿಡಿದಳು. ಎಡಗೈ ಹಾಗೇ ಎದೆಯ ಮಟ್ಟಕ್ಕೆ ಎತ್ತಿಕೊಂಡಿದ್ದಳು.

"ಉಣ್ಣು, ಮಹಾದೇವಪ್ಪ," ಎಂದಳು. "ಉಂಡ ಮ್ಯಾಲ ನಿಮ್ಮಣ್ಣಗ ಎಲ್ಲಿ ಇಟ್ಟೀದಿ, ತೋರಸು."

ಮಹಾದೇವಪ್ಪ ಹಾರೆಯನ್ನು ಕೆಳಗಿಟ್ಟು ರೊಟ್ಟಿ ತೆಗೆದುಕೊಂಡ. ಒಂದು ತುತ್ತು ಮುರಿದು ಬಾಯಿಗಿಟ್ಟ. ಅಗಿದ, ಅಗಿದ, ನುಂಗಲು ಅವನ ಕೈಯಲ್ಲಿ ಆಗಲಿಲ್ಲ. ಬದಿಗೆ ಉಗುಳಿ, ಉಳಿದ ರೊಟ್ಟಿಯನ್ನು ಬುಟ್ಟಿಯಲ್ಲಿ ಜೋಪಾನವಾಗಿಟ್ಟು, ಯಾರ ಮುಖವನ್ನೂ ನೋಡದೆ ನಡೆಯತೊಡಗಿದ. ಲಲಿತಾಬಾಯಿ ಅವನ ಹಿಂದೆ ಹೋದಳು. ದ್ರೌಪದಿ ಅವಳ ತೋಳು ಹಿಡಿದುಕೊಂಡಳು, ಕಾಶೆಪ್ಪ ಪೊಲೀಸರಿಗೆ ಫೋನು ಹಚ್ಚಿ ಕಿವಿಗಿಟ್ಟುಕೊಂಡು ಹಿಂದೆ ನಡೆದ.

ಕೊಯ್ದ ಸೋಯಾಬೀನಿನ ಕೂಳೆ ಎಲ್ಲರ ಕಾಲಿಗೂ ಚುಚ್ಚುತ್ತಿತ್ತು. ಹೊಲ ಮುಗಿಯುವ ಕಡೆ, ಹಳ್ಳದ ದಂಡೆಗಿಂತ ಸ್ವಲ್ಪ ಮೇಲೆ, ನೋಡಲು ಉಳಿದ ಹೊಲದಂಥದೇ ಒಂದು ಜಾಗದಲ್ಲಿ ಮಹಾದೇವಪ್ಪ ನಿಂತ. ಬಗ್ಗಿ, ಕಾಲಿನ ಚಪ್ಪಲಿ ಕಳಚಿ, ಪಕ್ಕಕ್ಕೆ ಜೋಡಿಸಿಟ್ಟ.