ಗೋಡೆಯ ಕಡೆಗೆ ಮುಖ

ಸ್ಪ್ಯಾನರ್ ಬಿದ್ದ ಜಾಗಕ್ಕೂ ತಾತನ ತಲೆಗೂ ಗೇಣಿನ ಅಂತರವಿತ್ತು. ತಾತ ಹೆಲ್ಮೆಟ್ ಹಾಕಿದ್ದ, ನಿಜ. ಆದರೆ ಅಷ್ಟು ಎತ್ತರದಿಂದ ಬೀಳುವ ಉಕ್ಕಿಗೆ ಹೆಲ್ಮೆಟ್ಟೂ ಒಂದೇ, ಮೊಟ್ಟೆಯ ಸಿಪ್ಪೆಯೂ ಒಂದೇ.

ತಾತ, ಸ್ಪ್ಯಾನರ್ ಬೀಳಿಸಿದವನು, ಇಬ್ಬರೂ ಲಿಫ್ಟ್ ಮೆಕ್ಯಾನಿಕ್‌ಗಳು. ಚಿಕ್ಕ ವಯಸ್ಸಿಗೇ ತಲೆ ಬೆಳ್ಳಗಾದದ್ದರಿಂದ ಒಬ್ಬನಿಗೆ ತಾತ ಅಂತ ಹೆಸರು ಬಿದ್ದಿತ್ತು. ಇನ್ನೊಬ್ಬ ಬಾಯಿಬಿಟ್ಟರೆ ಮುತ್ತು ಉದುರಿಹೋಗುತ್ತದೇನೋ ಅನ್ನುವ ಹಾಗಿರುತ್ತಿದ್ದ. ಅವನನ್ನು ಗುಮ್ಮ ಅನ್ನುತ್ತಿದ್ದರು. ಒಬ್ಬ ಕ್ಯಾಬಿನ್ನಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡಿದರೆ ಇನ್ನೊಬ್ಬ ಲಿಫ್ಟ್ ಓಡಾಡುವ ಶಾಫ್ಟಿನ ತಳದ ಗುಂಡಿಯಲ್ಲಿ ನಿಲ್ಲಬೇಕು. ಮೇಲಿದ್ದವನ ಕೈಯಲ್ಲಿ ಕೆಳಗಿದ್ದವನ ಜೀವ.

“ಕೈ ನಡುಗ್ತಿದೆಯೇನೋ?” ಗುಂಡಿಯಿಂದ ಹತ್ತಿ ಬಂದ ತಾತ ಕೇಳಿದ.

“ಇಲ್ಲ. ಜಾರ್ತು.”

“ಜಾರೋಕೆ ಎಣ್ಣೆ ಮುಟ್ಟೇ ಇಲ್ವಲ್ಲ ಇವತ್ತು.” ತಾತ ಸ್ಪ್ಯಾನರ್ ಅವನ ಕೈಗಿಟ್ಟ. “ನೋಡು, ಸೂಪರ್‌ವೈಸರ್‌ಗೆ ನಾನೇನೂ ಹೇಳಲ್ಲ. ಇನ್ನೊಂದ್ಸಲ ಬಿದ್ರೆ ಹೇಳ್ತೀನಿ. ಅಂದ್ರೆ, ನಾನು ಬದುಕಿದ್ರೆ.”

ಗುಮ್ಮನ ಕೈ ನಡುಗುತ್ತಿದ್ದದ್ದು ನಿಜ. ತಾಯಿ ಸತ್ತು ಕೆಲವು ತಿಂಗಳಾದ ಮೇಲೆ ಶುರುವಾದದ್ದು. ಅದೂ ಮೇಲೆ ಹತ್ತಿದಾಗ ಮಾತ್ರ. ಶಾಫ್ಟ್ ಬಿಟ್ಟರೆ ಗುಮ್ಮನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಇದು ಹೊರಗೆ ಬಿದ್ದರೆ ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಆರಿಸುವುದೇ ಗತಿ. ಮುಚ್ಚಿಟ್ಟರೆ ಒಂದು ದಿನ ತಾತ ಸಾಯುತ್ತಾನೆ.

ನರಗಳ ಡಾಕ್ಟರು ಮಂಡಿಗೆ ಬಡಿದು, ತಲೆಯ ಚಿತ್ರ ತೆಗೆಸಿ, ಎಲ್ಲ ಸರಿಯಾಗಿದೆ ಅಂದರು. ಅವರು ಕಳಿಸಿದ ಕೌನ್ಸೆಲರ್ ಉಸಿರಾಟದ ಅಭ್ಯಾಸ ಹೇಳಿಕೊಟ್ಟಳು. ಅದರಿಂದ ರಾತ್ರಿ ನಿದ್ದೆ ಬರತೊಡಗಿತು. ಕೈಯ ನಡುಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಕೆ ಸುಳ್ಳು ಭರವಸೆ ಕೊಡದೆ ನೇರವಾಗಿ ಹೇಳಿದಳು: “ನಾನು ಮಾಡೋದು ಇವತ್ತಿನ ಕಷ್ಟಕ್ಕೆ ಇವತ್ತಿನ ಉಪಾಯ. ನಿಮ್ದು ಹಳೇದು ಅನ್ಸುತ್ತೆ. ಹಳೇದನ್ನ ಮಾತಾಡ್ತಾ ಮಾತಾಡ್ತಾ ಹುಡುಕೋರು ಬೇರೆ ಇದ್ದಾರೆ.” ಇಬ್ಬರ ವಿಳಾಸ ಕೊಟ್ಟಳು.

ಮೊದಲನೆಯವನು ಗುಮ್ಮನ ಪ್ರತಿ ಮಾತನ್ನೂ ತಾನೇ ಮುಗಿಸಿಕೊಡುತ್ತಿದ್ದ. ಗುಮ್ಮ ಎರಡನೇ ಸಲ ಆ ಕಡೆ ತಲೆ ಹಾಕಲಿಲ್ಲ.

ಎರಡನೆಯವಳು ವಯಸ್ಸಾದ ಹೆಂಗಸು. ಕನ್ನಡಕದ ಅಂಗಡಿಯ ಮೇಲೆ ಅವಳ ಕೋಣೆ. ಎದುರುಬದುರು ಎರಡು ಕುರ್ಚಿ, ಕಿಟಕಿಗೆ ದಪ್ಪ ಪರದೆ. ಬಾಗಿಲು ಮುಚ್ಚುವಾಗಲೆಲ್ಲ ಕಿರ್ರ್ ಅನ್ನುತ್ತಿತ್ತು.

“ಡಾಕ್ಟ್ರೇ, ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳಿಬಿಡಿ, ಸಾಕು,” ಅಂದ.

“ನಾನು ಡಾಕ್ಟರ್ ಅಲ್ಲ. ಯಾವುದು ಕೆಟ್ಟಿದೆ ಅಂತ ನನಗೂ ಗೊತ್ತಿಲ್ಲ. ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತಿಗೆ ಬನ್ನಿ. ಬಾಯಿಗೆ ಬಂದದ್ದು ಹೇಳಿ. ಕನಸಾದರೂ ಸರಿ, ಕೆಲಸಕ್ಕೆ ಬಾರದ್ದಾದರೂ ಸರಿ. ನನ್ನ ಮೇಲೆ ಸಿಟ್ಟು ಬಂದ್ರೆ ಅದನ್ನಂತೂ ನುಂಗಬೇಡಿ.”

“ನಿಮ್ಮ ಮೇಲೆ ಯಾಕೆ ಬರುತ್ತೆ?”

“ಬರಬಹುದು. ಮನುಷ್ಯ ಮನೇಲಿ ಕಲಿತದ್ದನ್ನ ಹೋದಲ್ಲೆಲ್ಲ ಮಾಡ್ತಾನೆ. ಇಲ್ಲೂ ಮಾಡ್ತಾನೆ. ಇಲ್ಲಿ ಮಾಡಿದ್ರೆ ಇಬ್ಬರೂ ಕೂತು ನೋಡಬಹುದು, ಅಷ್ಟೇ ವ್ಯತ್ಯಾಸ.”

“ನಿಮ್ಮನ್ನ ಯಾರಾದ್ರೂ ಹೀಗೆ ಬಿಚ್ಚಿ ನೋಡಿದ್ದಾರಾ?”

ಅವಳು ನಕ್ಕಳು. “ನೋಡಿದ್ದಾರೆ. ಈ ಕೆಲಸ ಕಲಿಯೋರು ಮೊದಲು ನೀವು ಕೂತಿರೋ ಕಡೆ ಕೂರಲೇಬೇಕು. ಕೆಲವು ಸಲ ಬಂದು ನೋಡಿ. ನನ್ನ ಹತ್ರ ಮಾತು ಬರಲ್ಲ ಅನ್ನಿಸಿದ್ರೆ ಬೇರೆಯವರ ಹತ್ರ ಕಳಿಸ್ತೀನಿ.”

ಆ ಮಾತು ಅವನಿಗೆ ಹಿಡಿಸಿತು. ಹೋಗತೊಡಗಿದ. ಆದರೆ ಹೇಳಿದ್ದೆಲ್ಲ ಲಿಫ್ಟಿನ ಕಥೆ. ಹಗ್ಗ ಹೇಗೆ ಸವೆಯುತ್ತದೆ, ಬ್ರೇಕು ಹೇಗೆ ಹಿಡಿಯುತ್ತದೆ, ಇಂಥವೇ. ತಾಯಿಯ ಬಗ್ಗೆ ಕೇಳಿದರೆ “ಒಳ್ಳೆಯವಳಿದ್ಲು” ಅಂತ ಒಂದೇ ಮಾತಿಗೆ ಬೀಗ ಹಾಕುತ್ತಿದ್ದ. ಮಧ್ಯೆ ಮಧ್ಯೆ ಮೌನ. ಅವಳು ಅದನ್ನು ತುಂಬಲು ಹೋಗುತ್ತಿರಲಿಲ್ಲ. ಗುಮ್ಮನಿಗೆ ಆ ಬಾಗಿಲಿನ ಸದ್ದು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು.

ಒಂದು ವಾರ ಅವನು ರಿಪೇರಿ ಸಾಮಾನಿನ ಕೈಚೀಲ ತಂದ. ಕೂರುವ ಬದಲು ಬಾಗಿಲಿನ ಹತ್ತಿರ ಮಂಡಿಯೂರಿದ. ಹಿಂಜಿನ ಪಿನ್ನು ತೆಗೆದು, ತುಕ್ಕು ಕೆರೆದು, ಎಣ್ಣೆ ಬಿಟ್ಟು, ಮತ್ತೆ ಕೂರಿಸಿದ. ಕೈ ಒಂದಿಷ್ಟೂ ನಡುಗಲಿಲ್ಲ. ಬಾಗಿಲು ಬೆಣ್ಣೆಯ ಹಾಗೆ ಸರಿಯಿತು. ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತು ಅವಳ ಮುಖ ನೋಡಿದ.

ಅವಳು ಏನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಈಗ ನನ್ನಿಂದ ಏನು ಬೇಕಿತ್ತು ನಿಮಗೆ?”

“ಒಂದು ಥ್ಯಾಂಕ್ಸ್. ನಾಯಿಗಾದ್ರೂ ಭೇಷ್ ಅಂತಾರೆ.” ಚೀಲ ಎತ್ತಿಕೊಂಡು ಎದ್ದು ಹೊರಟ. ಬಾಗಿಲು ದಡಾರನೆ ಎಳೆದ. ತಾನೇ ಎಣ್ಣೆ ಹಾಕಿದ್ದರಿಂದ ಅದು ಇನ್ನೂ ಜೋರಾಗಿ ಬಡಿಯಿತು.

ಹೆಂಡತಿಗೆ ಹೇಳಿದಾಗ ಅವಳು ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ಪುಕ್ಕಟೆ ಕೆಲಸ ಮಾಡಿಸ್ಕೊಂಡು ಒಂದು ಮಾತಿಲ್ಲ ಕಣೆ.”

“ಅವರು ಮಾಡಿ ಅಂದಿದ್ರಾ?”

“ಅಂದಿರ್ಲಿಲ್ಲ.”

“ಮತ್ತೆ? ಹೋದ ವರ್ಷ ನನಗೆ ಜ್ವರ ಬಂದು ಮಲಗಿದ್ದಾಗ ನೀವೇನ್ ಮಾಡಿದ್ರಿ, ನೆನಪಿದೆಯಾ? ಮೇಲಿನ ಫ್ಯಾನ್ ಬಿಚ್ಚಿ ಕೂತಿದ್ರಿ. ನನಗೆ ಫ್ಯಾನ್ ಬೇಕಿರ್ಲಿಲ್ಲರೀ. ಪಕ್ಕದಲ್ಲಿ ಒಂದು ಜನ ಬೇಕಿತ್ತು.”

ಇಸ್ತ್ರಿಪೆಟ್ಟಿಗೆಯ ವೈರು ಸಡಿಲವಾಗಿದ್ದದ್ದು ಅವನ ಕಣ್ಣಿಗೆ ಬಿತ್ತು. ಕೈ ಅತ್ತ ಹೋಯಿತು. ಹೆಂಡತಿ ನೋಡಿದಳು. ಕೈ ಹಿಂದಕ್ಕೆ ತೆಗೆದ.

ಮುಂದಿನ ವಾರ ಮತ್ತೆ ಹೋದ. ಚಿಕಿತ್ಸೆಗಂತ ಅಲ್ಲ, ನಾಲ್ಕು ಮಾತು ಬಿಸಿಬಿಸಿಯಾಗಿ ಹೇಳಿ ಬರಲಿಕ್ಕೆ. ಬಾಗಿಲು ಸದ್ದಿಲ್ಲದೆ ಮುಚ್ಚಿತು, ಅದೂ ಉರಿಸಿತು.

“ನಿಮ್ಮ ಹತ್ರ ಬಂದು ಏನ್ ಸುಖ, ಮೇಡಂ? ಏನು ಮಾಡಿದ್ರೂ ಅಷ್ಟೇ. ಇಲ್ಲಿ ಒಬ್ಬ ಮನುಷ್ಯ ಒದ್ದಾಡ್ತಿದ್ರೆ ನೀವು ಗೋಡೆ ಕಡೆ ಮುಖ ಮಾಡ್ಕೊಂಡು ಇರ್ತೀರಿ.”

ಅವಳು ಕದಲಲಿಲ್ಲ. ಮೆಲ್ಲಗೆ ಕೇಳಿದಳು: “ನಾನು ಇಷ್ಟು ದಿನವೂ ನಿಮ್ಮ ಕಡೆಗೇ ಮುಖ ಮಾಡಿ ಕೂತಿದ್ದೀನಿ. ಗೋಡೆ ಕಡೆ ತಿರುಗಿದ್ದವರು ಯಾರು?”

ಬೈಯಲು ಬಾಯಿ ತೆರೆದವನು ಹಾಗೇ ಕೂತ. ಗೋಡೆ ಕಣ್ಣಿಗೆ ಕಟ್ಟಿತು. ಈ ಕೋಣೆಯದಲ್ಲ. ಹಸಿರು ಬಣ್ಣ ಎದ್ದು ಚಕ್ಕೆಚಕ್ಕೆಯಾಗಿ ಉದುರುತ್ತಿದ್ದ ಗೋಡೆ, ಅದರ ಪಕ್ಕದಲ್ಲಿ ಮಂಚ, ಮಂಚದ ಮೇಲೆ ತಾಯಿಯ ಬೆನ್ನು.

“ಅಮ್ಮ,” ಅಂದ. “ತಂಗಿ ತೀರಿಹೋದ ಮೇಲೆ ಅಮ್ಮ ಹಾಗೇ ಮಲಗಿರ್ತಿದ್ಲು. ಕರೆದ್ರೆ ತಿರುಗ್ತಿರ್ಲಿಲ್ಲ. ಅತ್ತರೂ ತಿರುಗ್ತಿರ್ಲಿಲ್ಲ. ಒಂದಿನ ಕೆಟ್ಟಿದ್ದ ರೇಡಿಯೋನ ಏನೋ ತಿರುಚಿ ಹಾಡಿಸ್ದೆ. ತಿರುಗಿದ್ಲು. ನಿನ್ನ ಕೈ ಚಿನ್ನ ಕಣೋ ಅಂದ್ಲು.”

“ಆಮೇಲೆ?”

“ಆಮೇಲೆ ಮನೇಲಿ ಕೆಟ್ಟದ್ದು ಏನೂ ಉಳೀಲಿಲ್ಲ. ರಿಪೇರಿಗೆ ಬೇಕಲ್ಲ ಅಂತ ನಾನೇ ಕೆಡಿಸ್ತಿದ್ದೆ.” ನಗಲು ಹೋದ. ಆಗಲಿಲ್ಲ. “ಆಸ್ಪತ್ರೇಲೂ ಕೊನೆಗೆ ಹಾಗೇ ತಿರುಗಿ ಮಲಗಿದ್ಲು. ಮಂಚದ ಚಕ್ರ ಸರಿ ಮಾಡ್ದೆ. ಕಿಟಕಿ ಚಿಲಕ ಸರಿ ಮಾಡ್ದೆ. ತಿರುಗ್ಲಿಲ್ಲ.”

ತೊಡೆಯ ಮೇಲಿದ್ದ ಕೈಗಳು ನಡುಗತೊಡಗಿದವು. ಶಾಫ್ಟಿನ ಹೊರಗೆ ಇದೇ ಮೊದಲು. ಅವನು ಅವುಗಳನ್ನು ತೊಡೆಯ ಅಡಿಗೆ ತುರುಕಲು ನೋಡಿದ.

“ಇರಲಿ,” ಅಂದಳು. “ಇಲ್ಲಿ ಅವು ಏನನ್ನೂ ಸರಿ ಮಾಡಬೇಕಾಗಿಲ್ಲ.”

ಅವನು ಬಚ್ಚಿಡಲಿಲ್ಲ. ಅಳು ಬಂದದ್ದು ಗೊತ್ತಾಗುವ ಹೊತ್ತಿಗೆ ಅಂಗಿಯ ಕಾಲರು ಒದ್ದೆಯಾಗಿತ್ತು. ಹೊತ್ತು ಮುಗಿದಾಗ ಅವಳು ಎಂದಿನಂತೆ “ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ” ಅಂದಳು. ಒಂದು ನಿಮಿಷವೂ ಹೆಚ್ಚು ಕೊಡಲಿಲ್ಲ. ಅವನಿಗೆ ಅದಕ್ಕೂ ಸಿಟ್ಟು ಬಂತು. ಮುಂದಿನ ವಾರ ಇದನ್ನೂ ಹೇಳಬೇಕು ಅಂದುಕೊಂಡು ಮೆಟ್ಟಿಲಿಳಿದ.

ಮರುದಿನ ಬೆಳಿಗ್ಗೆ ಒಂದು ಹಳೆಯ ಕಟ್ಟಡದಲ್ಲಿ ಕೆಲಸವಿತ್ತು. ತಾತ ಗುಂಡಿಗೆ ಇಳಿಯಲು ಹೊರಟಿದ್ದ. ಗುಮ್ಮ ಅವನ ತೋಳು ಹಿಡಿದ.

“ನೀನು ಮೇಲೆ ಹೋಗು. ನನ್ನ ಕೈ ನಡುಗುತ್ತೆ. ಅವತ್ತು ಜಾರಿದ್ದಲ್ಲ.”

ತಾತ ಅವನನ್ನು ದುರುಗುಟ್ಟಿ ನೋಡಿದ. “ಗುಮ್ಮ ಬಾಯಿ ಬಿಟ್ಟ. ಸೂಪರ್‌ವೈಸರ್‌ಗೆ?”

“ಸಂಜೆ ನಾನೇ ಹೇಳ್ತೀನಿ.”

“ಸ್ಟೋರಿಗೆ ಹಾಕ್ತಾನೆ.”

“ಹಾಕ್ಲಿ. ನೀನು ಬದುಕಿರ್ತೀಯಲ್ಲ.”

ತಾತ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ. “ಸರಿ, ಇಳಿ ಹಾಗಾದ್ರೆ. ಇವತ್ತು ಬೀಳಿಸೋ ಸರದಿ ನಂದು.”

ಗುಂಡಿಯಲ್ಲಿ ಹಳೆಯ ಗ್ರೀಸಿನ ವಾಸನೆ. ಗುಮ್ಮ ಟಾರ್ಚ್ ಮೇಲಕ್ಕೆ ಹಿಡಿದ. ಬೆಳಕು ಶಾಫ್ಟಿನ ಗೋಡೆಯ ಮೇಲೆ ತತ್ತರಿಸಿತು.

“ಬೆಳಕು ಅಲ್ಲಾಡ್ತಿದೆಯಲ್ಲೋ,” ಮೇಲಿನಿಂದ ತಾತನ ದನಿ ಬಂತು.

“ಅಲ್ಲಾಡುತ್ತೆ.”

ಮೇಲೆ ಸ್ಪ್ಯಾನರ್ ನಟ್ಟಿಗೆ ಕೂತ ಸದ್ದಾಯಿತು. ತಾತ ಹೇಳಿದ: “ಹಾಗೇ ಹಿಡಿ. ಕಾಣ್ಸುತ್ತೆ.”