ಡಿಕ್ಕಿಯಲ್ಲಿ ಅಪ್ಪನ ಬಂದೂಕು

ಮೂರನೆಯ ಸಾಲಿನ ಹುಡುಗಿ ಮತ್ತೆ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಾಳೆ, ಕಟಕ್, ಕಟಕ್, ಹಲ್ಲಿಗೋ ಪ್ಲಾಸ್ಟಿಕ್ಕಿಗೋ ಯಾವುದಕ್ಕೆ ಮೊದಲು ಸಾಕಾಗುತ್ತದೋ, ಲೆಕ್ಕದ ಮೇಡಂಗಂತೂ ಆಗಲೇ ಸಾಕಾಗಿದೆ, ಪರೀಕ್ಷೆ ಶುರುವಾಗಿ ಇನ್ನೂ ಇಪ್ಪತ್ತು ನಿಮಿಷ, ಗಂಟೆ ಹೊಡೆಯುವ ತನಕ ಈ ಕೋಣೆ ಬಿಟ್ಟು ಕದಲುವ ಹಾಗಿಲ್ಲ, ಮೊಬೈಲು ಕೂಡ ಆಫೀಸಿನ ಡಬ್ಬಿಯಲ್ಲಿ, ಮೂವತ್ತೆರಡು ಬಗ್ಗಿದ ತಲೆ, ಒಂದು ಫ್ಯಾನು, ಅದೂ ಸುತ್ತಿಗೊಮ್ಮೆ ಕೀಚ್ ಎನ್ನುತ್ತದೆ, ಸರಿಯಾಗಿ ನಿದ್ದೆ ಮಾಡಿ ನಾಲ್ಕು ತಿಂಗಳಾಯಿತು, ಅಪ್ಪ ಹಾಸಿಗೆ ಹಿಡಿದಿದ್ದಷ್ಟು ದಿನ ಅಪ್ಪನಿಗಾಗಿ ಎದ್ದಿದ್ದಳು, ಅಪ್ಪ ಹೋದ ಮೇಲೆ ಅಪ್ಪನ ಕಾಗದಪತ್ರಗಳಿಗಾಗಿ, ಕೂತರೆ ಕಣ್ಣು ಎಳೆಯುತ್ತದೆ ಎಂದು ಕಿಟಕಿಯ ಹತ್ತಿರ ಬಂದು ನಿಂತಳು, ಕೆಳಗೆ ಸಾಲಾಗಿ ನಿಂತ ಗಾಡಿಗಳು, ಕೊನೆಯಲ್ಲಿ ತನ್ನ ಬಿಳಿ ಕಾರು, ಅದರ ಡಿಕ್ಕಿ — ಡಿಕ್ಕಿಯಲ್ಲಿ ಅಪ್ಪನ ಬಂದೂಕಿದೆ. ಶಾಲೆಯ ಕಾಂಪೌಂಡಿನೊಳಗೆ, ಧ್ವಜದ ಕಂಬದಿಂದ ಹದಿನೈದು ಹೆಜ್ಜೆಗೆ, ಬಂದೂಕಿದೆ.

ಬೆಳಗ್ಗೆ ಹೊರಟದ್ದೇ ಅದನ್ನು ಕೊಟ್ಟು ಕೈತೊಳೆದುಕೊಳ್ಳಲು, ಲೈಸೆನ್ಸು ಇದ್ದವರು ತೀರಿಕೊಂಡರೆ ಮನೆಯವರು ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಬೇಕು, ನೋಟಿಸಿನ ಪ್ರಕಾರ ಇವತ್ತೇ ಕಡೇ ದಿನ, ತಮ್ಮ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದ, ನೀನೇ ಕೊಟ್ಬಿಡಕ್ಕ, ಸ್ಟೇಷನ್ ನಿನ್ ಸ್ಕೂಲ್ ದಾರೀಲೇ ಅಲ್ವಾ, ಹೌದಪ್ಪ, ಆಸ್ಪತ್ರೆಯೂ ನನ್ನ ದಾರಿಯಲ್ಲೇ ಇತ್ತು, ಔಷಧಿ ಅಂಗಡಿಯೂ ನನ್ನ ದಾರಿಯಲ್ಲೇ ಇತ್ತು, ಸ್ಮಶಾನ ಒಂದು ನಿನ್ನ ದಾರಿಯಲ್ಲಿ ಸಿಕ್ಕಿತು — ಸ್ಟೇಷನ್ನಿನ ರೈಟರು ಚೀಲದ ಜಿಪ್ಪನ್ನು ಮುಟ್ಟಲೂ ಇಲ್ಲ, ಸಾಹೇಬ್ರು ಬಂದಿಲ್ಲಮ್ಮ, ನಾಲ್ಕಕ್ಕೆ ಬನ್ನಿ, ಈಗ ನಾನ್ ಇಟ್ಕೊಂಡ್ರೆ ರಸೀದಿಗೆ ಸೈನ್ ಹಾಕೋರ್ಯಾರು, ಮನೆಗೆ ವಾಪಸು ಹೋದರೆ ಪರೀಕ್ಷೆಗೆ ತಡ, ಎರಡು ತುಂಡು ಮಾಡಿ ಕ್ಯಾನ್ವಾಸ್ ಚೀಲದಲ್ಲಿಟ್ಟ ಬಂದೂಕು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಮತ್ತೆ ಡಿಕ್ಕಿಗೆ ಹಾಕಿದಳು, ಮುಂದಿನ ದಾರಿಯೆಲ್ಲ ತಲೆಯಲ್ಲಿ ಉತ್ತರಪತ್ರಿಕೆ, ಹಾಜರಿ ಪಟ್ಟಿ, ಅಪ್ಪನ ಮರಣ ಪತ್ರದಲ್ಲಿ ತಪ್ಪು ಬಿದ್ದ ವಯಸ್ಸು, ಬಂದೂಕು ಮಾತ್ರ ಇಲ್ಲ, ಮರೆತೇ ಹೋಗಿತ್ತು ಅಂದರೆ ಯಾರು ನಂಬುತ್ತಾರೆ, ಗೇಟಿನವನು ಬಂದವರ ಡಿಕ್ಕಿ ತೆಗೆಸಿ ನೋಡಬೇಕು, ಆ ಕಟ್ಟಳೆ ತಂದವಳೂ ಇವಳೇ, ಅವನು ಇವಳ ಗಾಡಿ ಕಂಡು ದೂರದಿಂದಲೇ ಅಡ್ಡಗಂಬ ಎತ್ತಿಸಿದ, ನಮ್ ಮೇಡಂ ಗಾಡಿ, ಬಿಡ್ರಪ್ಪ.

ಗೇಟಿನ ಪಕ್ಕದಲ್ಲೇ ಬೋರ್ಡು, ಶಾಲೆಯ ಆವರಣಕ್ಕೆ ಬಂದೂಕು ತರುವುದು ಅಪರಾಧ, ಕಾನೂನಿನ ಸುತ್ತೋಲೆ ಬಂದಾಗ ಚಿತ್ರಕಲೆಯ ಮೇಷ್ಟ್ರು ಅಷ್ಟು ಬರೆದು ಬ್ರಷ್ ತೊಳೆಯಲು ಹೋಗಿದ್ದರು, ಇವಳೇ ಕರೆದು ಕೆಳಗೆ ಎರಡು ಪದ ಸೇರಿಸಿದಳು, ಪರವಾನಗಿ ಇದ್ದರೂ, ಭದ್ರತಾ ಸಮಿತಿಯ ಸಂಚಾಲಕಿಯಲ್ಲವೆ, ಗೆರೆ ಎಳೆದ ಮೇಲೆ ಗೆರೆ, ಮಕ್ಕಳು ಸುಮ್ಮನೆ ಸ್ಕೇಲು ಎಂದು ಹೆಸರಿಟ್ಟಿಲ್ಲ, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೋದ ವರ್ಷ ಶಾಲೆಯ ಬಸ್ಸಿನ ಡ್ರೈವರು, ಮಕ್ಕಳ ಬಾಯಲ್ಲಿ ಬಸ್ ಮಾಮ, ಸೈನ್ಯದಲ್ಲಿದ್ದು ಬಂದವನು, ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ, ಒಂದ್ ಮಾತು ಮೇಡಂ, ಲೈಸೆನ್ಸ್ ತಪಾಸಣೆಗೆ ಅಂತ ಬಂದೂಕು ತಗೊಂಡು ಹೋಗಿದ್ದೆ, ಸಾಹೇಬ್ರು ಇಲ್ಲ ಸಂಜೆ ಬಾ ಅಂದ್ರು, ಟ್ರಿಪ್‌ಗೆ ಟೈಮಾಯ್ತು, ಬಸ್ಸಿನ ಡಬ್ಬೀಲಿ ಬೀಗ ಹಾಕಿ ಇಟ್ಟಿದೀನಿ, ಖಾಲಿ ಇದೆ, ನಿಮ್ಗೆ ಹೇಳ್ಬಿಡೋದು ಒಳ್ಳೇದು ಅನ್ನಿಸ್ತು. ಹೇಳಿದ್ದೇ ತಪ್ಪಾಯಿತು, ಸುಮ್ಮನಿದ್ದಿದ್ದರೆ ಸಂಜೆಗೆ ಬಂದೂಕು ತನ್ನ ಪಾಡಿಗೆ ಹೋಗುತ್ತಿತ್ತು, ಇವಳು ಅವನ ಕಣ್ಣೆದುರಿಗೇ ಸಮಿತಿಯ ರಿಜಿಸ್ಟರ್ ತೆಗೆದು ಮೂರು ಸಾಲು ಬರೆದಳು, ಅಕ್ಷರ ಮುತ್ತಿನ ಹಾಗಿತ್ತು, ಕಾನೂನು ಎಲ್ಲರಿಗೂ ಒಂದೇ ಅಲ್ವಾ ಅಂದಳು, ಹೌದು ಮೇಡಂ ಅಂದ. ಕೇಸು, ಲೈಸೆನ್ಸು ರದ್ದು, ಕೆಲಸ ಹೋಯಿತು, ಹೆಡ್ ಮೇಡಂ ಮೇಜಿನ ಗಾಜಿನ ಮೇಲೆ ಬಸ್ಸಿನ ಕೀ ಇಟ್ಟು ಅವನು ಅದರ ಮೇಲೆ ಬಗ್ಗಿ ನಿಂತಿದ್ದು, ಕೀಯ ಬಳೆಗೆ ಕಟ್ಟಿದ್ದ ಹಸಿರು ದಾರ, ಅವನ ದಪ್ಪ ಬೆರಳು — ಬೇಡ, ಈಗ ಅದು ಬೇಡ.

ಒಂದು ಹೆಚ್ಚಿನ ಹಾಳೆ ಬೇಕು ಮೇಡಂ, ಕೊಟ್ಟಳು, ಹಾಕಿದ ಸಹಿ ಬೇರೆ ಯಾರದೋ ಆಯಿತು, ಡ್ರೈವರ್ ವಿಷಯ ಅವತ್ತು ಸಂಜೆ ಅಪ್ಪನಿಗೆ ಹೇಳಿದ್ದಳು, ಹೆಮ್ಮೆಯಿಂದಲೇ ಹೇಳಿದ್ದಳು, ಒಂದು ಕ್ಷಣವೂ ಹಿಂದೆಮುಂದೆ ನೋಡ್ಲಿಲ್ಲ ಅಪ್ಪ, ಅಪ್ಪ ಬ್ಯಾಂಕಿನ ಬಾಗಿಲಲ್ಲಿ ಇಪ್ಪತ್ತೆಂಟು ವರ್ಷ ಬಂದೂಕು ಹಿಡಿದು ನಿಂತವನು, ಇವಳ ಫೀಸು, ಪುಸ್ತಕ, ಇವಳ ಇಡೀ ಲೆಕ್ಕವಿದ್ಯೆ ಆ ಬಂದೂಕಿನ ನೆರಳಲ್ಲಿ ಬಂದದ್ದು, ರಜೆಯ ದಿನ ಅವನು ನಳಿಗೆಗೆ ಎಣ್ಣೆ ಸವರುವಾಗ ಬಟ್ಟೆಯ ತುದಿ ಹಿಡಿಯುತ್ತಿದ್ದವಳು ಇವಳೇ, ಅಪ್ಪ ಊಟ ನಿಲ್ಲಿಸಿ ಕೇಳಿದ, ಖಾಲಿ ಇತ್ತಾ, ಇತ್ತಪ್ಪ, ಅವನೇ ಬಂದು ಹೇಳಿದ್ನಾ, ಹೂಂ, ಅಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದ. ಬೈದಿದ್ದರೆ ಎದುರು ಮಾತಾಡಬಹುದಿತ್ತು, ಹಾಸಿಗೆ ಹಿಡಿದ ಮೇಲೆ ಅಪ್ಪನಿಗೆ ಬಾಯಿಯೇ ಬಿದ್ದುಹೋಯಿತು, ಮಾತಾಡಿಸಿದರೆ ಗೋಡೆ ನೋಡುತ್ತಿದ್ದ. ಗಂಟೆ ಹೊಡೆದ ಮೇಲೆ ಏನು ಮಹಾ, ಗಾಡಿ ಹೊರಗೆ ತೆಗೆದರಾಯಿತು, ಗೇಟಿನವನು ಸಲಾಮು ಹೊಡೆಯುತ್ತಾನೆ, ಒಂದು ಫರ್ಲಾಂಗು ದಾಟಿದರೆ ಅದು ಬರೀ ಸತ್ತವರ ಸಾಮಾನು, ಯಾರಿಗೂ ಗೊತ್ತಾಗುವುದಿಲ್ಲ, ಹೌದು, ಹಾಗೇ ಮಾಡುವುದು, ಮಕ್ಕಳಿಗೇನಾದರೂ ಆಯಿತೇ, ಇಲ್ಲವಲ್ಲ, ಅವತ್ತೂ ಏನೂ ಆಗಿರಲಿಲ್ಲ — ಮತ್ತೆ ಆ ದಾರ, ಗಾಜಿನ ಮೇಲೆ ಹಸಿರು ದಾರ.

ಗಂಟೆ ಹೊಡೆಯಿತು, ಮೂವತ್ತೆರಡು ಉತ್ತರಪತ್ರಿಕೆ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು, ಮೆಟ್ಟಿಲಿಳಿದ ಕಾಲು ಗಾಡಿಯ ಕಡೆ ತಿರುಗಲಿಲ್ಲ, ಹೆಡ್ ಮೇಡಂ ಕೋಣೆಗೆ ಹೋಯಿತು, ಧೈರ್ಯ ಗೀರ್ಯ ಏನಿಲ್ಲ, ಬಚ್ಚಿಟ್ಟುಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು, ಅದು ಉಳಿದಿರಲಿಲ್ಲ. ಕಾರಿನ ಕೀ ಗಾಜಿನ ಮೇಲಿಟ್ಟು ಎಲ್ಲ ಹೇಳಿದಳು, ರಿಜಿಸ್ಟರ್ ನನ್ ಹತ್ರಾನೇ ಇದೆ, ತಂದು ಬರೀತೀನಿ, ಹೆಡ್ ಮೇಡಂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು, ಬೇರೆ ಯಾರಿಗಾದ್ರೂ ಹೇಳಿದ್ರಾ, ಇಲ್ಲ, ಹಾಗಾದ್ರೆ ನಂಗೂ ಹೇಳಿಲ್ಲ, ತಂದೆ ಹೋಗಿ ಇನ್ನೂ ತಿಂಗ್ಳಾಗಿಲ್ಲ, ತಲೆ ಎಲ್ಲಿರುತ್ತೆ ಪಾಪ, ಗಾಡಿ ತಗೊಂಡು ಹೋಗಿ, ಮಧ್ಯಾಹ್ನ ರಜೆ ಹಾಕಿ ಮಲ್ಕೊಳಿ, ಮೇಡಂ ಅವತ್ತು ಡ್ರೈವರ್‌ಗೆ ನಾವು, ಎಂದು ಇವಳು ಶುರುಮಾಡಿದಳು, ಅಯ್ಯೋ ಅವನ ವಿಷಯ ಬೇರೆ, ನೀವು ಬೇರೆ, ಸುಮ್ನೆ ಹೋಗಿ. ಹೆಡ್ ಮೇಡಂ ಒಂದೇ ಬೆರಳಲ್ಲಿ ಕೀಯನ್ನು ಗಾಜಿನ ಮೇಲೆ ಇವಳ ಕಡೆಗೆ ತಳ್ಳಿದರು, ಎಷ್ಟು ಹಗುರಾಗಿ ಜಾರಿ ಬಂತು, ಬದುಕಿದೆ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು, ಅದಕ್ಕೇ ನಾಚಿಕೆಯಾಯಿತು, ಕೈ ತಾನಾಗಿ ಮುಂದೆ ಹೋಗಿ ಕೀ ಎತ್ತಿಕೊಂಡಿತು, ಮುಷ್ಟಿ ಮುಚ್ಚಿತು, ಇನ್ನು ಹೊರಡಬೇಕು, ಕಾಲು ಏಳುತ್ತಿಲ್ಲ, ಇದೇ ಜಾಗದಲ್ಲಿ, ಇದೇ ಗಾಜಿನ ಮೇಲೆ ಬಗ್ಗಿ, ಅವನು ಬಸ್ಸಿನ ಕೀಯಿಂದ ಹಸಿರು ದಾರ ಬಿಚ್ಚುತ್ತಿದ್ದ, ಇವಳಿಗೆ ತರಗತಿಗೆ ತಡವಾಗುತ್ತಿತ್ತು, ಇರ್ಲಿ ಬಿಡಿ, ದಾರ ತಾನೇ, ಅಂದಿದ್ದಳು, ಅವನು ತಲೆಯೆತ್ತದೆ, ಕೀ ನಿಮ್ದು ಮೇಡಂ, ದಾರ ನನ್ದು, ಹನ್ನೊಂದು ವರ್ಷದ ಗಂಟು, ಉಗುರಿಗೆ ಸಿಗುತ್ತಿಲ್ಲ, ಹಲ್ಲಿಗೆ ಸಿಗುತ್ತಿಲ್ಲ, ಯಾರೂ ಕೀಯನ್ನು ಅವನ ಕಡೆ ತಳ್ಳುತ್ತಿಲ್ಲ, ಬಿಚ್ಚುತ್ತಿದ್ದಾನೆ, ಇನ್ನೂ ಬಿಚ್ಚುತ್ತಿದ್ದಾನೆ